ಪತ್ತಿನ ಪುನರ್ನಿರ್ಮಾಣ ಮತ್ತು ಊರಿನ ಕೆಲಸ

ಲೆಕ್ಕಪರಿಶೋಧಕನೊಬ್ಬನು ಈ ಮಾಸಪತ್ರಿಕೆಗೆ ಬರೆದರೆ ಅದು ತೆರಿಗೆ, ವಿವರಪಟ್ಟಿ ಸಲ್ಲಿಕೆಯ ಗಡುವು, ದಂಡ ಇವುಗಳ ಕುರಿತೇ ಇರುತ್ತದೆಂದು ಓದುಗರು ನಿರೀಕ್ಷಿಸುವುದು ಸಹಜ. ಈ ತಿಂಗಳು ಅವೆಲ್ಲವನ್ನೂ ಬದಿಗಿರಿಸಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ವರ್ತಕ ಬಂಧುಗಳೂ ಸಣ್ಣ ಉದ್ದಿಮೆದಾರರೂ ನನ್ನ ಕಚೇರಿಯ ಬಾಗಿಲು ಮುಚ್ಚಿಕೊಂಡ ನಂತರವಷ್ಟೇ ಪ್ರಸ್ತಾಪಿಸುವ ವಿಷಯವೊಂದನ್ನು ಎತ್ತಿಕೊಳ್ಳಬಯಸುತ್ತೇನೆ. ಅದು ಕೆಟ್ಟುಹೋದ ವೈಯಕ್ತಿಕ ಪತ್ತಿನ ವಿಷಯ. ಅದರೊಡನೆ ಇನ್ನೊಂದು ಪ್ರಶ್ನೆಯೂ ಇದೆ: ಪತ್ತು ಕೆಟ್ಟವನು ಊರಿನ ಸಾರ್ವಜನಿಕ ಕೆಲಸಗಳಿಂದ ದೂರ ಸರಿಯಬೇಕೆ?

ನಾನು ವೃತ್ತಿಯನ್ನು ಆರಂಭಿಸಿದ ಕಾಲದಲ್ಲಿ ಈ ಭಾಗದಲ್ಲಿ ‘ಪತ್ತು’ ಎಂದರೆ ಬಾಯಿಮಾತಿನ ಆಸ್ತಿಯಾಗಿತ್ತು. ತೊಗರಿ ಹಂಗಾಮಿನಲ್ಲಿ ಆಡತ್ ಅಂಗಡಿಯವರು ಯಾರಿಗೆ ಎಷ್ಟು ಉದ್ರಿ ಕೊಡಬಹುದೆಂಬುದನ್ನು ಯಾವ ಕಾಗದವನ್ನೂ ನೋಡದೆ ನಿರ್ಧರಿಸುತ್ತಿದ್ದರು. ಮನುಷ್ಯನು ಮದುವೆಗೆ ಎಷ್ಟು ಖರ್ಚು ಮಾಡಿದ, ಅಣ್ಣತಮ್ಮಂದಿರೊಡನೆ ಹೇಗಿದ್ದಾನೆ, ಜಾತ್ರೆಯ ದಾಸೋಹಕ್ಕೆ ಒಪ್ಪಿಕೊಂಡ ಜೋಳದ ಚೀಲಗಳನ್ನು ಹೇಳಿದ ದಿನಕ್ಕೆ ಕಳುಹಿಸಿದನೆ, ಇವೇ ಅವರ ಮಾನದಂಡಗಳು. ಈ ಪದ್ಧತಿಯಲ್ಲಿ ಅನ್ಯಾಯವೂ ಸಾಕಷ್ಟಿತ್ತೆಂಬುದನ್ನು ಮರೆಯಲಾಗದು. ಒಳ್ಳೆಯ ಕುಲದವನೆಂದು ಎಣಿಸಲ್ಪಟ್ಟವನಿಗೆ ಸುಲಭವಾಗಿ ಸಿಗುತ್ತಿದ್ದ ಉದ್ರಿಯು, ಅವನಿಗಿಂತ ಪ್ರಾಮಾಣಿಕನಾದ ಬಡ ಕಲ್ಲುಕುಟಿಗನಿಗೆ ಸಿಗುತ್ತಿರಲಿಲ್ಲ. ಹಳೆಯದೆಲ್ಲವೂ ಬಂಗಾರವೆಂದು ಹೇಳುವವನು ನಾನಲ್ಲ.

ಆದಾಗ್ಯೂ ಆ ಪದ್ಧತಿಯ ಒಂದು ಅಂಶವನ್ನು ಕನ್ನಡ ನಾಡು ಸಂಸ್ಥೆಯ ರೂಪಕ್ಕೆ ತಂದಿತೆಂಬುದು ಹೆಮ್ಮೆಯ ಸಂಗತಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಅಧಿನಿಯಮ ಜಾರಿಗೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವೊಂದನ್ನು ಸ್ಥಾಪಿಸಿದರು. ಆ ಕಾಲದ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿಯಿರಲಿಲ್ಲ; ಒಬ್ಬನು ತಪ್ಪಿದರೆ ಉಳಿದವರ ಹೊಲಮನೆಗೂ ಅದು ತಟ್ಟುತ್ತಿತ್ತು. ಜರ್ಮನಿಯ ರೈಫೈಸನ್ ಮಾದರಿಯಿಂದ ಬಂದ ಈ ವ್ಯವಸ್ಥೆಯ ಇನ್ನೊಂದು ತತ್ತ್ವವೆಂದರೆ ಆಡಳಿತ ನಡೆಸುವವರು ಸಂಬಳವಿಲ್ಲದೆ ದುಡಿಯಬೇಕೆಂಬುದು. ಸಾಲ ಪಡೆಯುವ ಅರ್ಹತೆಯೂ ಊರಿಗಾಗಿ ಬಿಟ್ಟಿ ದುಡಿಯುವ ಮನಸ್ಸೂ ಅಲ್ಲಿ ಒಂದೇ ದಫ್ತರಿನಲ್ಲಿದ್ದವು. ಇಂದು ಅವೆರಡೂ ಬೇರೆ ಬೇರೆ ದಾರಿ ಹಿಡಿದಿವೆ. ನಮ್ಮ ಗೊಂದಲಗಳ ಮೂಲ ಬಹುಮಟ್ಟಿಗೆ ಇಲ್ಲಿಯೇ ಇದೆಯೆಂಬುದು ನನ್ನ ಅಭಿಪ್ರಾಯ.

ಏಕೆಂದರೆ ಈಗ ಪತ್ತನ್ನು ಅಳೆಯುವುದು ಊರಲ್ಲ. 2000ದಲ್ಲಿ ಸಿಬಿಲ್ ಸ್ಥಾಪನೆಯಾಯಿತು. 2005ರಲ್ಲಿ ಪತ್ತಿನ ಮಾಹಿತಿ ಕಂಪನಿಗಳ ಅಧಿನಿಯಮ ಬಂದಿತು. ಪ್ರಸ್ತುತ ಇಂತಹ ನಾಲ್ಕು ಕಂಪನಿಗಳಿವೆ. ಅವು ಕೊಡುವ ಅಂಕ 300ರಿಂದ 900ರವರೆಗೆ ಇರುತ್ತದೆ. ಕಂತು ತಪ್ಪಿದ ದಿನಗಳೆಷ್ಟು, ಮಂಜೂರಾದ ಮಿತಿಯಲ್ಲಿ ಬಳಸಿದ್ದೆಷ್ಟು, ಹೊಸ ಸಾಲಕ್ಕಾಗಿ ಎಷ್ಟು ಬಾರಿ ಬಾಗಿಲು ತಟ್ಟಿದ್ದೀರಿ, ಖಾತೆ ಎಷ್ಟು ಹಳೆಯದು, ಇಷ್ಟೇ ಅದಕ್ಕೆ ಗೊತ್ತು. ಮಾಲೀಕತ್ವದ ಅಂಗಡಿಯಲ್ಲಿ ಅಂಗಡಿಗೂ ಮಾಲೀಕನಿಗೂ ಕಾನೂನಿನ ದೃಷ್ಟಿಯಲ್ಲಿ ಭೇದವಿಲ್ಲವಾದ್ದರಿಂದ, ಮಗಳ ಶಿಕ್ಷಣ ಸಾಲದ ಕಂತು ತಪ್ಪಿದರೂ ಅಂಗಡಿಯ ಓವರ್‌ಡ್ರಾಫ್ಟ್ ನವೀಕರಣಕ್ಕೆ ತೊಡಕಾಗುತ್ತದೆ. ಇದನ್ನು ಅರಿಯದವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ.

ಶಹಾಬಾದಿನ ಕಲ್ಲು ಪಾಲಿಶ್ ಘಟಕವೊಂದರ ಮಾಲೀಕರ ಪ್ರಸಂಗವನ್ನು ಹೆಸರಿಲ್ಲದೆ ಹೇಳುತ್ತೇನೆ. ವಿಟ್ರಿಫೈಡ್ ಟೈಲ್ಸ್ ಮನೆಮನೆಗೆ ಬಂದ ಮೇಲೆ ಶಹಾಬಾದ್ ಕಲ್ಲಿನ ಬೇಡಿಕೆ ಏನಾಯಿತೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಅಂತಹ ಸ್ಥಿತಿಯಲ್ಲಿ 2020ರ ಲಾಕ್‌ಡೌನ್ ಬಂದಿತು. ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರಿಸರ್ವ್ ಬ್ಯಾಂಕ್ ಕಂತುಗಳಿಗೆ ಬಿಡುವು ನೀಡಲು ಅನುಮತಿಸಿತ್ತು. ಅದು ಮುಗಿದ ಮರುತಿಂಗಳಿನಿಂದ ಕಂತು ಕಟ್ಟಬೇಕೆಂಬುದು ಇವರ ಗಮನಕ್ಕೆ ಬರಲೇ ಇಲ್ಲ; ಬಿಡುವು ಮುಂದುವರಿದಿದೆಯೆಂದೇ ತಿಳಿದಿದ್ದರು. ಅಕ್ಟೋಬರಿನಲ್ಲಿ ಕಾಗಿಣಾ, ಭೀಮಾ ನದಿಗಳು ಉಕ್ಕಿ ಹರಿದವು, ಲಾರಿಗಳು ನಿಂತವು, ಬರಬೇಕಾದ ಹಣ ಬರಲಿಲ್ಲ. ಎರಡು ವರ್ಷಗಳ ನಂತರ ಅವರು ಬ್ಯಾಂಕಿನೊಡನೆ ಏಕಕಾಲಿಕ ಇತ್ಯರ್ಥ ಮಾಡಿಕೊಂಡು, ಬಡ್ಡಿಯ ಬಹುಭಾಗವನ್ನು ಮನ್ನಾ ಮಾಡಿಸಿಕೊಂಡು, ಪೇಢೆ ಹಂಚಿದರು. ಆ ಖಾತೆ ವರದಿಯಲ್ಲಿ ‘ಮುಕ್ತಾಯ’ವೆಂದು ದಾಖಲಾಗಲಿಲ್ಲ, ‘ಇತ್ಯರ್ಥ’ವೆಂದು ದಾಖಲಾಯಿತು. ಮುಂದಿನ ಸಾಲಗಾರ ಸಂಸ್ಥೆಗೆ ಆ ಪದದ ಅರ್ಥ ಒಂದೇ: ಇವರು ಪೂರ್ತಿ ಕೊಡಲಿಲ್ಲ. ನಾನು ಮೊದಲೇ ಈ ಭೇದವನ್ನು ಅವರಿಗೆ ತಿಳಿಸಬೇಕಾಗಿತ್ತು. ಅವರು ನನ್ನನ್ನು ಕೇಳಲಿಲ್ಲ ನಿಜ. ಆದರೆ ಪ್ರತಿವರ್ಷ ಅವರ ಲೆಕ್ಕಪತ್ರಕ್ಕೆ ಸಹಿ ಹಾಕುವವನು ನಾನೇ.

ಚಿಂಚೋಳಿಯ ಕಡೆಯ ಗೊಬ್ಬರ, ಬೀಜದ ವ್ಯಾಪಾರಿಗಳ ಕಥೆ ಬೇರೆ ರೀತಿಯದು. 2022ರಲ್ಲಿ ತೊಗರಿಗೆ ನೆಟೆ ರೋಗ ಬಿದ್ದಾಗ ರೈತರಿಗೆ ಕೊಟ್ಟ ಉದ್ರಿ ಹೊಲದಲ್ಲೇ ಒಣಗಿತು. ವಾಡಿ, ಸೇಡಂಗಳಲ್ಲಿ ದೊಡ್ಡ ಕಾರ್ಖಾನೆಗಳನ್ನೂ ಗುತ್ತಿಗೆದಾರರನ್ನೂ ನಂಬಿದ ಸಣ್ಣ ಘಟಕಗಳವರು ಬಿಲ್ಲು ಪಾಸಾಗುವುದನ್ನು ಕಾಯುತ್ತ ತಮ್ಮ ಕಂತನ್ನು ತಪ್ಪಿಸುತ್ತಾರೆ. ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು ಎಂದು 2006ರ ಅಧಿನಿಯಮವೇ ಹೇಳಿದೆ. ಆದರೆ ಮುಂದಿನ ಕೆಲಸ ಕೈತಪ್ಪೀತೆಂಬ ಭಯದಿಂದ ಅದನ್ನು ಬಳಸುವವರು ವಿರಳ.

ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮವರ ಪತ್ತನ್ನು ಕೆಡಿಸಿರುವುದು ಜಾಮೀನು ಎಂಬುದು ನನ್ನ ಅನುಭವ. ಇಲ್ಲಿ ಸಾರ್ವಜನಿಕ ಕೆಲಸಕ್ಕೂ ಪತ್ತಿಗೂ ಇರುವ ಅಪಾಯಕರ ಸಂಬಂಧ ಎದ್ದು ಕಾಣುತ್ತದೆ. ಯಾರು ಉತ್ಸವ ಸಮಿತಿಯಲ್ಲಿ, ಶಾಲಾಭಿವೃದ್ಧಿ ಸಮಿತಿಯಲ್ಲಿ, ರಕ್ತದಾನ ಶಿಬಿರದಲ್ಲಿ ಮುಂದಿರುತ್ತಾರೋ ಅವರ ಬಳಿಗೇ ಜನ ‘ಒಂದು ಸಹಿ ಹಾಕಿ’ ಎಂದು ಬರುತ್ತಾರೆ. ‘ಇಲ್ಲ’ ಎನ್ನಲು ಅವರಿಗೆ ನಾಲಿಗೆ ಹೊರಳುವುದಿಲ್ಲ. ನಾನೂ ಹೊರತಲ್ಲ. ಹಲವು ವರ್ಷಗಳ ಹಿಂದೆ, ಪರಿಹಾರ ಕಾರ್ಯವೊಂದರಲ್ಲಿ ನನ್ನೊಡನೆ ಹಗಲಿರುಳು ದುಡಿದ ಮಿತ್ರರೊಬ್ಬರ ಸಾಲಕ್ಕೆ ಜಾಮೀನು ನಿಂತೆ. ಅವರ ವ್ಯಾಪಾರ ಕುಸಿಯಿತು. ಅದು ನನಗೆ ತಿಳಿದದ್ದು ನನ್ನದೇ ಗೃಹಸಾಲದ ಅರ್ಜಿ ನಿಂತುಹೋದಾಗ. ಲೆಕ್ಕಪರಿಶೋಧಕನು ಬ್ಯಾಂಕ್ ಅಧಿಕಾರಿಯ ಎದುರು ಕುಳಿತು ತನ್ನ ವರದಿಯಲ್ಲಿನ ಬಾಕಿಯ ಬಗ್ಗೆ ವಿವರಣೆ ಕೊಡುವುದು ಹೇಗಿರುತ್ತದೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ. 1872ರ ಕರಾರು ಅಧಿನಿಯಮದ 128ನೇ ಕಲಮಿನಂತೆ, ಬೇರೆ ಷರತ್ತು ಇಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು. ಇದನ್ನು ವಾಣಿಜ್ಯ ಪದವಿಯ ತರಗತಿಯಲ್ಲಿ ನಾನು ಕಂಠಪಾಠ ಮಾಡಿದ್ದೆ. ಸ್ನೇಹದ ಮುಂದೆ ಕಲಮು ನೆನಪಾಗಲಿಲ್ಲ.

ಆದ್ದರಿಂದ ಪತ್ತನ್ನು ಮರಳಿ ಕಟ್ಟಿಕೊಳ್ಳಬಯಸುವವರು ಮೊದಲು ಮಾಡಬೇಕಾದುದು ತಮ್ಮ ವರದಿಯನ್ನು ತಾವೇ ಓದುವುದು. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದಲೇ ಇದೆ. ಸ್ವಂತ ವರದಿ ನೋಡಿದರೆ ಅಂಕ ಇಳಿಯುವುದೆಂಬ ಮಾತು ಸುಳ್ಳು. ಓದುವಾಗ ಸಾಲದ ಮೊತ್ತಕ್ಕಿಂತ ಮೊದಲು ‘ಜಾಮೀನುದಾರ’ ಎಂಬ ಪದವಿರುವ ಖಾತೆಗಳನ್ನು ಹುಡುಕಿರಿ. ನೀವು ಮರೆತುಬಿಟ್ಟ ಸಹಿಗಳು ಅಲ್ಲಿರುತ್ತವೆ. ಮುಂದುವರಿಯುವ ಜಾಮೀನಾಗಿದ್ದರೆ, ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟಿಸು ಕೊಟ್ಟು ಹಿಂತೆಗೆದುಕೊಳ್ಳಲು ಅದೇ ಅಧಿನಿಯಮದ 130ನೇ ಕಲಮು ಅವಕಾಶ ಕೊಡುತ್ತದೆ. ಈಗಾಗಲೇ ಕೊಟ್ಟಿರುವ ಸಾಲದ ಹೊಣೆ ಮಾತ್ರ ತಪ್ಪದು. ವರದಿಯಲ್ಲಿ ತಪ್ಪಿದ್ದರೆ ಲಿಖಿತ ದೂರು ಸಲ್ಲಿಸಿರಿ. 30 ದಿನಗಳೊಳಗೆ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ಆದೇಶ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. 2022ರ ಸೆಪ್ಟೆಂಬರಿನಿಂದ ಈ ಕಂಪನಿಗಳ ವಿರುದ್ಧ ಒಂಬುಡ್ಸ್‌ಮನ್ ಬಳಿಗೂ ಹೋಗಬಹುದು.

ತಪ್ಪಿಲ್ಲದ ದಾಖಲೆಯನ್ನು ಅಳಿಸಲು ಮಾತ್ರ ಯಾರಿಂದಲೂ ಆಗದು. ಹಣ ಪಡೆದು ಸಿಬಿಲ್ ಸರಿಮಾಡಿಸಿಕೊಡುತ್ತೇವೆಂದು ಹೇಳುವವರನ್ನು ಅಂಗಡಿಯ ಮೆಟ್ಟಿಲು ಹತ್ತಿಸಬೇಡಿರಿ. ಸರಿಹೋಗುವುದು ಕಾಲದಿಂದ, ಕಂತಿನಿಂದ. ಹಳೆಯ ಬಾಕಿಯನ್ನು ಸಾಧ್ಯವಾದರೆ ಪೂರ್ತಿ ತೀರಿಸಿ, ಬಾಕಿಯಿಲ್ಲವೆಂಬ ಪ್ರಮಾಣಪತ್ರವನ್ನು ಪಡೆದು, ಅದು ವರದಿಯಲ್ಲಿ ದಾಖಲಾಯಿತೆ ಎಂದು ನೋಡಿಕೊಳ್ಳಬೇಕು. 2025ರ ಜನವರಿ 1ರಿಂದ ಬ್ಯಾಂಕುಗಳು ಹದಿನೈದು ದಿನಗಳಿಗೊಮ್ಮೆಯಾದರೂ ಮಾಹಿತಿ ಕಳುಹಿಸಬೇಕಾಗಿರುವುದರಿಂದ ತೀರಿಸಿದ್ದು ಬೇಗ ಕಾಣಿಸುತ್ತದೆ. ತಪ್ಪಿಸಿದ್ದೂ ಅಷ್ಟೇ ಬೇಗ. ಆಮೇಲೆ ಠೇವಣಿಯ ಮೇಲಿನ ಚಿಕ್ಕ ಸಾಲವನ್ನೋ ಠೇವಣಿ ಆಧಾರದ ಕ್ರೆಡಿಟ್ ಕಾರ್ಡನ್ನೋ ತೆಗೆದುಕೊಂಡು, ಮಿತಿಯ ಮೂರನೇ ಒಂದು ಭಾಗವನ್ನು ಮೀರದೆ ಬಳಸಿ, ತಪ್ಪದೆ ಕಟ್ಟುತ್ತ ಬಂದರೆ ಒಂದೆರಡು ವರ್ಷಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಹೊಸ ಸಾಲ ಕೇಳುವಾಗ 2000ದಲ್ಲಿ ಕೇಂದ್ರ ಸರ್ಕಾರ ಮತ್ತು ಸಿಡ್ಬಿ ಸ್ಥಾಪಿಸಿದ ಸಾಲ ಖಾತರಿ ನಿಧಿಯ ರಕ್ಷಣೆಯಲ್ಲಿ ಕೊಡಲು ಸಾಧ್ಯವೇ ಎಂದು ಬ್ಯಾಂಕನ್ನು ವಿಚಾರಿಸಿರಿ. ಅದರಡಿ ಮೂರನೆಯವರ ಜಾಮೀನಿನ ಅವಶ್ಯಕತೆಯಿಲ್ಲ. ಒಬ್ಬ ಮಿತ್ರನಾದರೂ ಉಳಿದುಕೊಳ್ಳುತ್ತಾನೆ.

ಇನ್ನು ಊರಿನ ಕೆಲಸದ ಮಾತು. ಸ್ವಯಂಸೇವೆಯಿಂದ ಅಂಕವು ಒಂದೇ ಒಂದು ಕೂಡ ಏರುವುದಿಲ್ಲ. ಕೆರೆಯ ಹೂಳೆತ್ತಿದ್ದೀರೆಂದು, ಪ್ರವಾಹದಲ್ಲಿ ಗಂಜಿ ಕೇಂದ್ರ ನಡೆಸಿದ್ದೀರೆಂದು ಸಿಬಿಲ್‌ಗೆ ತಿಳಿಯುವುದೇ ಇಲ್ಲ. ಆದರೂ ಪತ್ತು ಕೆಟ್ಟ ಕಾಲದಲ್ಲಿ ಸಾರ್ವಜನಿಕ ಕೆಲಸ ಬಿಡಬಾರದೆಂಬುದು ನನ್ನ ದೃಢವಾದ ನಿಲುವು. ಸಾಲದ ಸಂಕಟಕ್ಕೆ ಸಿಕ್ಕವನು ಮೊದಲು ಮಾಡುವುದು ಜನರಿಂದ ತಲೆಮರೆಸಿಕೊಳ್ಳುವುದನ್ನು. ಬಜಾರಿಗೆ ಹೋಗುವ ದಾರಿ ಬದಲಿಸುತ್ತಾನೆ, ಸಂಘದ ಸಭೆಗೆ ಬರುವುದಿಲ್ಲ, ಫೋನು ಎತ್ತುವುದಿಲ್ಲ. ಆಗ ಅವನಿಗೆ ಸಿಗುವ ಸಲಹೆಗಾರರೆಂದರೆ ಮೀಟರ್ ಬಡ್ಡಿಯವರು ಮತ್ತು ಮೊಬೈಲಿನ ಸಾಲದ ಆ್ಯಪ್‌ಗಳು ಮಾತ್ರ. ನಾಲ್ಕು ಜನರೊಡನೆ ಬುಟ್ಟಿ ಹೊರುವವನಿಗೆ, ಅವರಲ್ಲೊಬ್ಬ ನಿವೃತ್ತ ಬ್ಯಾಂಕ್ ನೌಕರನಾಗಿರುತ್ತಾನೆ, ಇನ್ನೊಬ್ಬನು ತಾನೂ ಹಿಂದೊಮ್ಮೆ ಮುಳುಗಿ ಎದ್ದವನಾಗಿರುತ್ತಾನೆ. ಸಾಲ ಕೊಡುವ ಬ್ಯಾಂಕು ನೋಡುವುದು ಅಂಕವನ್ನಾದರೂ, ಉದ್ರಿ ಕೊಡುವ ಸಗಟು ವ್ಯಾಪಾರಿ ಇಂದಿಗೂ ಮನುಷ್ಯನನ್ನೇ ನೋಡುತ್ತಾನೆ. ಬ್ಯಾಂಕು ಬಾಗಿಲು ತೆರೆಯುವವರೆಗೆ ಅಂಗಡಿಯನ್ನು ಉಳಿಸುವುದು ಆ ಮೂವತ್ತು ದಿನಗಳ ಉದ್ರಿಯೇ.

ಇಲ್ಲಿ ವೃತ್ತಿಯ ಕಾರಣದಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಕೈಬಿಗಿಯಿರುವವನು ಸಮಿತಿಯ ಖಜಾಂಚಿಯಾಗಬಾರದು. ವಂತಿಗೆಯ ಹಣ ಮನೆಯ ಕಪಾಟಿನಲ್ಲಿದ್ದು, ತನ್ನ ಕಂತಿನ ದಿನ ನಾಳೆಯಿದ್ದರೆ, ‘ಎರಡು ದಿನದಲ್ಲಿ ಇಟ್ಟುಬಿಡುತ್ತೇನೆ’ ಎಂಬ ಯೋಚನೆ ಅತಿ ಸಜ್ಜನನಿಗೂ ಬರುತ್ತದೆ. ಬ್ಯಾಂಕಿನ ಬಾಕಿ ತೀರಿಸಿದರೆ ತೀರುತ್ತದೆ. ದೇವರ ಹಣಕ್ಕೆ ಕೈಹಾಕಿದನೆಂಬ ಮಾತು ಮೊಮ್ಮಕ್ಕಳ ಕಾಲಕ್ಕೂ ತೀರದು. ಮೇಲೆ ಹೇಳಿದ ಶಹಾಬಾದಿನ ಮಿತ್ರರು ಈ ವಿಷಯದಲ್ಲಿ ನನಗಿಂತ ಬುದ್ಧಿವಂತರು. ಓಣಿಯ ಸಮಿತಿಯವರು ಖಜಾಂಚಿಯಾಗಿರೆಂದು ಒತ್ತಾಯಿಸಿದಾಗ, ‘ಹಣ ಬೇಡ, ಕೆಲಸ ಕೊಡಿ’ ಎಂದು ಹೇಳಿ, ಸರ್ಕಾರಿ ಶಾಲೆಯ ಅಂಗಳಕ್ಕೆ ಫರಸಿ ಹಾಕಿಸುವ ಮೇಲ್ವಿಚಾರಣೆ ವಹಿಸಿಕೊಂಡರು. ಕಲ್ಲು ಅವರದೇ ಘಟಕದ ಒಡಕು ತುಂಡುಗಳು. ಅವರ ವರದಿಯಲ್ಲಿ ‘ಇತ್ಯರ್ಥ’ ಎಂಬ ಪದ ಇನ್ನೂ ಇದೆ. ಅದರ ಕೆಳಗೆ ತಪ್ಪದೆ ಕಟ್ಟಿದ ಹೊಸ ಕಂತುಗಳ ಸಾಲು ಬೆಳೆಯುತ್ತಿದೆ.

ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯ ಪದಾಧಿಕಾರಿಗಳ ಮುಂದೆ ಒಂದು ಸಲಹೆ ಇಡುತ್ತೇನೆ. ತಿಂಗಳಿಗೊಂದು ಮಧ್ಯಾಹ್ನ, ಈ ಐದು ಊರುಗಳಲ್ಲಿ ಸರದಿಯಂತೆ, ಸದಸ್ಯರ ಪತ್ತಿನ ವರದಿಯನ್ನು ಅವರೊಡನೆ ಕುಳಿತು ಓದಿ, ದೂರಿನ ಪತ್ರ ಬರೆದುಕೊಡುವ ಉಚಿತ ಸಹಾಯ ಕೇಂದ್ರ ನಡೆಯಲಿ. ಲೆಕ್ಕಪರಿಶೋಧಕರೂ ನಿವೃತ್ತ ಬ್ಯಾಂಕ್ ಅಧಿಕಾರಿಗಳೂ ಸಂಭಾವನೆಯಿಲ್ಲದೆ ಬರಲಿ. ಷರತ್ತುಗಳು ಎರಡೇ: ವರದಿಯ ಪ್ರತಿ ಯಾರ ಬಳಿಯೂ ಉಳಿಯಕೂಡದು, ಬಡ್ಡಿ ವ್ಯವಹಾರ ಮಾಡುವವರು ಆ ಮೇಜಿನ ಹತ್ತಿರ ಸುಳಿಯಕೂಡದು. ಇದನ್ನು ಯಾರು ಬಳಸುತ್ತಾರೆ, ನಾಚಿಕೆಯಿಂದ ಒಬ್ಬರೂ ಬರಲಾರರು ಎಂದು ಕೆಲವರು ಹೇಳಬಹುದು. ಅದು ಸರಿಯಾದ ಶಂಕೆಯೇ. ಆದ್ದರಿಂದ ಮೊದಲ ದಿನ ಸೇಡಂನಲ್ಲಿ ನನ್ನ ಸ್ವಂತ ವರದಿಯನ್ನೇ, ಆ ಜಾಮೀನಿನ ಖಾತೆಯ ಸಹಿತ, ಎಲ್ಲರೆದುರು ಮೇಜಿನ ಮೇಲೆ ಇಟ್ಟು ಓದಿ ತೋರಿಸಲು ಸಿದ್ಧನಿದ್ದೇನೆ. ದಿನಾಂಕವನ್ನು ಪದಾಧಿಕಾರಿಗಳು ಗೊತ್ತುಪಡಿಸಲಿ.