ಟಿಪ್ಪು ಟಿಪ್‌ನ ಆತ್ಮಕಥೆ: ಹೇಳಿದವನೂ ಹೊತ್ತವರೂ

ಟಿಪ್ಪು ಟಿಪ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರಿಗೆ ಶ್ರೀರಂಗಪಟ್ಟಣದ ಸುಲ್ತಾನನ ನೆನಪಾಗುವುದು ಸಹಜ. ಆದರೆ ಈ ಹೆಸರಿಗೂ ಆ ವಂಶಕ್ಕೂ ಯಾವ ನಂಟೂ ಇಲ್ಲ. ಪೂರ್ವ ಆಫ್ರಿಕದ ಜಂಜೀಬಾರ್ ದ್ವೀಪದಲ್ಲಿ ಹುಟ್ಟಿ, 1905ರಲ್ಲಿ ಅಲ್ಲಿಯೇ ತೀರಿಕೊಂಡ ಹಮದ್ ಬಿನ್ ಮುಹಮ್ಮದ್ ಎಂಬ ಸ್ವಾಹಿಲಿ-ಅರಬ್ ವರ್ತಕನ ಅಡ್ಡಹೆಸರಿದು. ತನ್ನ ಬಂದೂಕುಗಳ ಸದ್ದನ್ನು ಕೇಳಿ ಒಳನಾಡಿನ ಜನ ಹೀಗೆ ಕರೆದರೆಂದು ಅವನೇ ಹೇಳಿಕೊಂಡಿದ್ದಾನೆ. ಆನೆದಂತ ಮತ್ತು ಗುಲಾಮರ ವ್ಯಾಪಾರದಿಂದ ಮೇಲಣ ಕಾಂಗೋ ಪ್ರದೇಶದವರೆಗೆ ಅಧಿಕಾರ ಹಬ್ಬಿಸಿದ್ದ ಈತ ಸಾಹಿತ್ಯದ ವಿದ್ಯಾರ್ಥಿಗಳಿಗೆ ಮುಖ್ಯನಾಗುವುದು ಬೇರೊಂದು ಕಾರಣಕ್ಕೆ. ಸ್ವಾಹಿಲಿ ಭಾಷೆಯ ಮೊದಮೊದಲ ಆತ್ಮಕಥೆಗಳಲ್ಲಿ ಅವನದೂ ಒಂದು. ಅರಬ್ಬೀ ಲಿಪಿಯಲ್ಲಿದ್ದ ಅದನ್ನು ಹೈನ್ರಿಖ್ ಬ್ರೋಡೆ ಎಂಬ ಜರ್ಮನ್ ವಿದ್ವಾಂಸನು ರೋಮನ್ ಲಿಪಿಗೆ ತಂದು, ಜರ್ಮನ್ ಅನುವಾದದೊಡನೆ 1902-03ರಲ್ಲಿ ಪ್ರಕಟಿಸಿದನು.

ಆತ್ಮಕಥೆಯೆಂದರೆ ಸತ್ಯದ ಸಾಕ್ಷಿ ಎಂಬ ನಂಬಿಕೆ ನಮ್ಮ ತರಗತಿಗಳಲ್ಲಿ ಬೇರೂರಿದೆ. ಈ ಕೃತಿ ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುತ್ತದೆ. ಉತೆತೆರಾ ಎಂಬ ನಾಡಿನ ಮುದಿ ಅರಸನಿಗೆ, ಹಿಂದೆ ಸೆರೆಹೋದ ಅವನ ತಂಗಿಯ ವಂಶದವನೇ ತಾನೆಂದು ಕಥೆ ಕಟ್ಟಿ ಹೇಳಿ, ಆ ನಾಡಿನ ಒಡೆತನ ಪಡೆದುದನ್ನು ಟಿಪ್ಪು ಟಿಪ್ ಸ್ವತಃ ನಿರೂಪಿಸುತ್ತಾನೆ. ಕಥೆ ಹೇಳಿ ರಾಜ್ಯ ಗೆದ್ದವನ ಬಾಯಿಂದಲೇ ಅವನ ಉಳಿದ ಬದುಕನ್ನೂ ಓದುಗನು ಕೇಳುತ್ತಿದ್ದಾನೆ ಎಂಬುದನ್ನು ಮರೆಯಬಾರದು.

ಇದಕ್ಕಿಂತ ದೊಡ್ಡ ಪ್ರಶ್ನೆ ಮೌನದ್ದು. ತ್ಸೆತ್ಸೆ ನೊಣದ ಕಾಟದಿಂದ ಆ ದಾರಿಗಳಲ್ಲಿ ಎತ್ತು, ಕತ್ತೆಗಳು ಬಾಳುತ್ತಿರಲಿಲ್ಲ; ದಂತವೆಲ್ಲ ಮನುಷ್ಯರ ಹೆಗಲ ಮೇಲೆಯೇ ಕರಾವಳಿಗೆ ಬರಬೇಕಿತ್ತು. ಒಮ್ಮೆ ಹೊರೆಯಾಳುಗಳು ಓಡಿಹೋದಾಗ ಜರಾಮೊ ಜನರ ಹಳ್ಳಿಗಳ ಮೇಲೆ ಬಿದ್ದು, ನೂರಾರು ಮಂದಿಯನ್ನು ಹಿಡಿದು, ಕಬ್ಬಿಣದಲ್ಲಿ ಬಿಗಿದು ನಡೆಸಿದುದನ್ನು ಅವನು ಅಳುಕಿಲ್ಲದೆ ಹೇಳುತ್ತಾನೆ. ಅದಕ್ಕಾಗಿ ತನಗೆ ಚಿರತೆಯೆಂಬ ಹೆಸರು ಬಂದುದನ್ನೂ ದಾಖಲಿಸುತ್ತಾನೆ. ಆದರೆ ಆ ನೂರಾರು ಮಂದಿಯಲ್ಲಿ ಒಬ್ಬನ ಮಾತೂ ಓದುಗನಿಗೆ ಕೇಳಿಸುವುದಿಲ್ಲ.

ಅವನು ತನ್ನ ಕಾಲದ ಕೂಸು, ಇಂದಿನ ಅಳತೆಗೋಲಿನಿಂದ ಅವನನ್ನು ಅಳೆಯಬಾರದು ಎಂಬ ವಾದವುಂಟು. ಅದರಲ್ಲಿ ಒಂದು ಪಾಲು ನಿಜವೂ ಇದೆ. ಅರಬ್ಬರ ಗುಲಾಮಗಿರಿಯನ್ನು ಖಂಡಿಸುತ್ತಲೇ ಕಾಂಗೋವನ್ನು ವಶಪಡಿಸಿಕೊಂಡ ಬೆಲ್ಜಿಯಂನ ದೊರೆ ಎರಡನೆಯ ಲಿಯೊಪೋಲ್ಡ್, 1887ರಲ್ಲಿ ಇದೇ ವರ್ತಕನನ್ನು ಸ್ಟಾನ್ಲಿ ಜಲಪಾತ ಪ್ರಾಂತದ ಗವರ್ನರನನ್ನಾಗಿ ನೇಮಿಸಿದನು. ಮುಂದೆ ಅವನ ಆಡಳಿತವೇ ರಬ್ಬರಿಗಾಗಿ ಜನರನ್ನು ಬಲವಂತದ ದುಡಿಮೆಗೆ ದೂಡಿತು. ಲಿವಿಂಗ್‌ಸ್ಟನ್, ಸ್ಟಾನ್ಲಿ ಮೊದಲಾದ ಅನ್ವೇಷಕರೂ ಟಿಪ್ಪು ಟಿಪ್‌ನ ನೆರವು ಪಡೆದವರೇ. ಭಾರತದ ಕೈಯೂ ಇಲ್ಲಿ ಶುದ್ಧವಲ್ಲ: ಕಚ್ಛ್ ಮೂಲದ ತಾರಿಯಾ ಟೋಪನ್ ಅವನ ಪಯಣಗಳಿಗೆ ಬಂಡವಾಳ ಒದಗಿಸಿದ ವರ್ತಕ. ಆದರೂ, ಹಲವರು ಪಾಲುಗಾರರಾದ ಮಾತ್ರಕ್ಕೆ ತಪ್ಪು ಕರಗಿಹೋಗದು. ಓಡಿಹೋದ ಹೊರೆಯಾಳುಗಳೂ ಅದೇ ಕಾಲದವರು. ಆ ವ್ಯವಸ್ಥೆಯ ಬಗ್ಗೆ ಅವರ ತೀರ್ಪು ಏನೆಂಬುದನ್ನು ಅವರ ಓಟವೇ ಹೇಳುತ್ತದೆ.

ಆದುದರಿಂದ ಈ ಕೃತಿಯನ್ನು ಬದಿಗಿಡುವುದು ಪರಿಹಾರವಲ್ಲ, ಒಂಟಿಯಾಗಿ ಓದುವುದೂ ಸಲ್ಲದು. ಅದರ ಜೊತೆಗಿಡಲು ಸ್ವಾಹಿಲಿಯಲ್ಲೇ ಇನ್ನೊಂದು ಪುಸ್ತಕವಿದೆ: ಬಿಡುಗಡೆಗೊಂಡ ಗುಲಾಮರ ಮನೆತನದ ಜೇಮ್ಸ್ ಎಂಬೊಟೆಲಾ 1934ರಲ್ಲಿ ಪ್ರಕಟಿಸಿದ ‘ಉಹುರು ವಾ ವಾತುಮ್ವಾ’, ಎಂದರೆ ಗುಲಾಮರ ಬಿಡುಗಡೆ. ಬ್ರಿಟಿಷರ ಮೇಲಿನ ಅಭಿಮಾನ ಅದರಲ್ಲಿ ಎದ್ದು ಕಾಣುವುದರಿಂದ ಅದನ್ನೂ ಎಚ್ಚರದಿಂದಲೇ ಓದಬೇಕು. ಎರಡನ್ನೂ ಎದುರುಬದುರಾಗಿ ಇಟ್ಟುಕೊಂಡ ವಿದ್ಯಾರ್ಥಿಯು ಕನ್ನಡದ ಆತ್ಮಕಥೆಯನ್ನು ಕೈಗೆತ್ತಿಕೊಂಡಾಗಲೂ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕಲಿತಿರುತ್ತಾನೆ: ಈ ಬದುಕಿನ ಹೊರೆಯನ್ನು ಹೊತ್ತವರು ಯಾರು, ಅವರ ಮಾತು ಎಲ್ಲಿದೆ?