ಪಾಸು ಕೊಟ್ಟ ಮಾತ್ರಕ್ಕೆ ಬಸ್ಸು ಹತ್ತಿದಂತಾಯಿತೇ?

ಕರ್ನಾಟಕದಲ್ಲಿ ಅಂಗವಿಕಲರಿಗೆ ಊರಿನಿಂದ 100 ಕಿ.ಮೀ. ಒಳಗೆ ಓಡಾಡಲು ಸರ್ಕಾರಿ ಬಸ್ಸಿನ ರಿಯಾಯಿತಿ ಪಾಸು ಸಿಗುತ್ತದೆ. ಒಳ್ಳೆಯದೇ. ಆದರೆ ಕಂಡಕ್ಟರಿಗೆ ಪಾಸು ತೋರಿಸಬೇಕಾದರೆ ಮೊದಲು ಬಸ್ಸಿನೊಳಗೆ ಇರಬೇಕಲ್ಲ! ಟಿಕೆಟ್ ದರ ಇಳಿಸಲು ಸರ್ಕಾರಕ್ಕೆ ಒಂದು ಆದೇಶ ಸಾಕು. ಬಸ್ಸಿನ ನೆಲ ಇಳಿಸಬೇಕಾದರೆ ಟೆಂಡರಿನಿಂದ ಹಿಡಿದು ರಸ್ತೆಯವರೆಗೆ ಎಲ್ಲವೂ ಬದಲಾಗಬೇಕು. ಆದ್ದರಿಂದಲೇ ನಮ್ಮಲ್ಲಿ ಮೊದಲನೆಯದು ಬೇಗ ಆಯಿತು.

ಬೆಂಗಳೂರಿನಲ್ಲಿ ಲೋ-ಫ್ಲೋರ್ ಬಸ್ಸುಗಳು ಓಡಲು ತೊಡಗಿ ಸುಮಾರು ಎರಡು ದಶಕವಾಯಿತು. ಇವುಗಳ ನೆಲ ರಸ್ತೆಯಿಂದ ಸುಮಾರು 400 ಮಿ.ಮೀ. ಎತ್ತರ; ಮಾಮೂಲಿ ಬಸ್ಸಿನದು ಅದರ ಎರಡರಷ್ಟಕ್ಕೂ ಹೆಚ್ಚು. ಬಸ್ಸು 150 ಮಿ.ಮೀ. ಎತ್ತರದ ಫುಟ್‌ಪಾತಿಗೆ ತಾಗಿ ನಿಂತರೆ ರ‍್ಯಾಂಪ್ ಏರಬೇಕಾದದ್ದು 250 ಮಿ.ಮೀ. ಮಾತ್ರ. ನಿಲ್ದಾಣದ ಮುಂದೆ ಆಟೊ, ಬೈಕು ನಿಂತಿದ್ದರೆ ಡ್ರೈವರ್ ನಡುರಸ್ತೆಯಲ್ಲೇ ನಿಲ್ಲಿಸುತ್ತಾನೆ. ಅದೇ ರ‍್ಯಾಂಪ್ ಈಗ 400 ಮಿ.ಮೀ. ಏರಬೇಕು. ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಅಷ್ಟು ಕಡಿದಾದ ಏರು ಹತ್ತುವುದು ಆಗದ ಮಾತು. ಬಸ್ಸು ಸಾರಿಗೆ ಸಂಸ್ಥೆಯದು, ಫುಟ್‌ಪಾತು ಪಾಲಿಕೆಯದು, ಪಾರ್ಕಿಂಗ್ ಸಂಚಾರ ಪೊಲೀಸರದು. ಮೂವರ ನಡುವೆ ಪ್ರಯಾಣಿಕ ನಿಂತಲ್ಲೇ ಉಳಿಯುತ್ತಾನೆ.

ಕಣ್ಣು ಕಾಣದವರ ತೊಡಕು ಬೇರೆ: ಬಂದ ಬಸ್ಸಿನ ನಂಬರು ಯಾವುದು? ಮೆಟ್ರೊದಲ್ಲಿ ಮುಂದಿನ ನಿಲ್ದಾಣದ ಹೆಸರು ಕೇಳಿಸುತ್ತದೆ, ಕಾಲಿಗೆ ತಿಳಿಯುವ ಉಬ್ಬು ಹಾಸುಗಳಿವೆ. ಹೊರಬಂದರೆ ಕಿತ್ತ ಚಪ್ಪಡಿ, ಟ್ರಾನ್ಸ್‌ಫಾರ್ಮರ್.

“ಹತ್ತುವವರೇ ಇಲ್ಲ, ಇಷ್ಟು ಖರ್ಚು ಯಾಕೆ?” ಎನ್ನುವವರಿದ್ದಾರೆ. 2011ರ ಜನಗಣತಿಯಂತೆ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ನಿಲ್ದಾಣದವರೆಗೆ ಬರಲಾಗದವರನ್ನು ನಿಲ್ದಾಣದಲ್ಲಿ ಎಣಿಸಿದರೆ ಸಿಗುವರೇ? ವೃದ್ಧರಿಗೂ ಗರ್ಭಿಣಿಯರಿಗೂ ಅನುಕೂಲ ಎಂಬ ಸಮರ್ಥನೆಯೂ ಇದೆ. ಸುಳ್ಳಲ್ಲ, ಆದರೂ ನನಗೆ ಅದು ಹಿಡಿಸದು. ಬೇರೆ ಯಾರಿಗೂ ಉಪಯೋಗವಾಗದಿದ್ದರೂ ಇದು ಆಗಲೇಬೇಕಾದ ಕೆಲಸ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರಿಗೆಯನ್ನೂ ಒಳಗೊಂಡಿದೆ. ಆದರೆ ಅದರಡಿ ಬಂದ ನಿಯಮ ಬರೀ ಮಾರ್ಗಸೂಚಿಗಳತ್ತ ಬೆರಳು ತೋರಿಸುತ್ತಿತ್ತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನೇ ತಳ್ಳಿಹಾಕಿ, ಕಡ್ಡಾಯ ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಹೇಳಿತು. ಕಡ್ಡಾಯ ಎಂಬುದು ಡಿಪೋದವರೆಗೂ ಇಳಿಯಬೇಕು. ಬ್ರೇಕು ಕೆಟ್ಟ ಬಸ್ಸನ್ನು ಗೇಟಿನಿಂದ ಆಚೆ ಬಿಡುವುದಿಲ್ಲ ತಾನೆ? ರ‍್ಯಾಂಪ್ ಕೆಟ್ಟ ಬಸ್ಸನ್ನೂ ಬಿಡಬಾರದು.