ವಿಮಾನ ಕಂಪನಿ ದಿವಾಳಿಯಾದರೆ ಟಿಕೆಟ್ ಕೊಂಡವರ ಪಾಡೇನು? ಗೋ ಫಸ್ಟ್ ಪ್ರಕರಣ ಬಿಚ್ಚಿಟ್ಟ ವಾಸ್ತವ

2023ರ ಮೇ 2. ಬೇಸಿಗೆ ರಜೆ ಶುರುವಾಗಿತ್ತು. ಊರಿಗೆ ಹೋಗಲು, ಶ್ರೀನಗರ-ಲೇಹ್ ಪ್ರವಾಸಕ್ಕೆ ಹೊರಡಲು ತಿಂಗಳುಗಳ ಮೊದಲೇ ಟಿಕೆಟ್ ಮಾಡಿಸಿಕೊಂಡಿದ್ದವರಿಗೆ ಅಂದು ಬಂದದ್ದು ಆಘಾತದ ಸುದ್ದಿ. ವಾಡಿಯಾ ಸಮೂಹದ ಗೋ ಫಸ್ಟ್ ವಿಮಾನಯಾನ ಕಂಪನಿ ದೆಹಲಿಯ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ಮುಂದೆ ತಾನಾಗಿಯೇ ದಿವಾಳಿ ಅರ್ಜಿ ಸಲ್ಲಿಸಿತ್ತು. ಮರುದಿನದಿಂದ ಅದರ ವಿಮಾನಗಳು ಹಾರಲಿಲ್ಲ. ಮೊದಲು ಕೆಲವೇ ದಿನಗಳ ಮಟ್ಟಿಗೆ ರದ್ದು ಎಂದರು. ದಿನಗಳು ವಾರಗಳಾದವು, ವಾರಗಳು ತಿಂಗಳುಗಳಾದವು. ಕೊನೆಗೆ 2025ರ ಜನವರಿ 20ರಂದು ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು ನ್ಯಾಯಮಂಡಳಿ ಆದೇಶಿಸಿತು.

ಕುಸಿತಕ್ಕೆ ಕಾರಣ ಅಮೆರಿಕದ ಪ್ರ್ಯಾಟ್ ಆಂಡ್ ವಿಟ್ನಿ ಕಂಪನಿಯ ಇಂಜಿನ್‌ಗಳು ಎಂಬುದು ಗೋ ಫಸ್ಟ್ ವಾದ. ಇಂಜಿನ್ ಕೆಟ್ಟು, ಬದಲಿ ಸಿಗದೆ 25 ವಿಮಾನಗಳು ನೆಲಕ್ಕಿಳಿದಿದ್ದವು ಎಂದು ಅದು ಹೇಳಿತು. ಅದರ ಬಳಿ ಇದ್ದದ್ದು 54 ವಿಮಾನಗಳು. ಹಣ ಸರಿಯಾಗಿ ಕಟ್ಟದಿರುವುದು ಗೋ ಫಸ್ಟ್‌ನ ಹಳೆಯ ಚಾಳಿ ಎಂದು ಇಂಜಿನ್ ಕಂಪನಿ ತಿರುಗೇಟು ನೀಡಿತು. ಈ ಜಗಳದಲ್ಲಿ ಯಾರು ಸರಿ ಎಂಬುದು ಟಿಕೆಟ್ ಕೊಂಡವರಿಗೆ ಅಷ್ಟು ಮುಖ್ಯವಲ್ಲ. ಅವರ ಪ್ರಶ್ನೆ ಒಂದೇ: ಕೊಟ್ಟ ದುಡ್ಡು ವಾಪಸ್ ಬರುತ್ತಾ?

ಸಾಲಿನಲ್ಲಿ ಕೊನೆಯವರು

ವಿಮಾನ ರದ್ದಾದರೆ ಕಾರ್ಡ್‌ನಲ್ಲಿ ಕಟ್ಟಿದ ಹಣವನ್ನು 7 ದಿನಗಳೊಳಗೆ ಹಿಂತಿರುಗಿಸಬೇಕು ಎಂಬುದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಿಯಮ. ಆದರೆ ಈ ನಿಯಮ ಬದುಕಿರುವ ಕಂಪನಿಗೆ ಮಾತ್ರ. 2023ರ ಮೇ 10ರಂದು ಎನ್‌ಸಿಎಲ್‌ಟಿ ಅರ್ಜಿ ಒಪ್ಪಿಕೊಂಡ ಕ್ಷಣದಿಂದ ದಿವಾಳಿ ಸಂಹಿತೆಯ ತಡೆ ಜಾರಿಗೆ ಬಂತು. ಆಮೇಲೆ ಹಳೆಯ ಬಾಕಿಯನ್ನು ಯಾರಿಗೂ ನೇರವಾಗಿ ಕೊಡುವಂತಿಲ್ಲ. ಎರಡು ಟಿಕೆಟ್‌ಗೆ ಹತ್ತು ಸಾವಿರ ಕೊಟ್ಟ ಕುಟುಂಬವೂ ಸಾವಿರಾರು ಕೋಟಿ ಕೊಟ್ಟ ಬ್ಯಾಂಕಿನಂತೆಯೇ ಕ್ಲೇಮ್ ಅರ್ಜಿ ತುಂಬಿ ಕಾಯಬೇಕು.

ಅರ್ಜಿ ಒಂದೇ ಬಗೆಯದಾದರೂ ಪಾಳಿ ಒಂದೇ ಅಲ್ಲ. ಕಂಪನಿ ಮುಚ್ಚಿದಾಗ ಬಂದ ಹಣ ಯಾರಿಗೆ ಮೊದಲು ಎಂಬುದನ್ನು ಸಂಹಿತೆಯ 53ನೇ ಸೆಕ್ಷನ್ ನಿಗದಿ ಮಾಡಿದೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಇಟ್ಟುಕೊಂಡ ಬ್ಯಾಂಕುಗಳು. ನಂತರ ಇತರ ನೌಕರರ 12 ತಿಂಗಳ ಸಂಬಳ, ಅಡಮಾನವಿಲ್ಲದ ಸಾಲ, ಸರ್ಕಾರದ ಬಾಕಿ. ಇಷ್ಟೆಲ್ಲ ತೀರಿ ಮಿಕ್ಕಿದರೆ 'ಉಳಿದ ಬಾಕಿಗಳು' ಎಂಬ ಗುಂಪಿಗೆ. ಪ್ರಯಾಣಿಕರು ಅಲ್ಲಿದ್ದಾರೆ, ಷೇರುದಾರರಿಗಿಂತ ಒಂದು ಮೆಟ್ಟಿಲು ಮೇಲೆ. ಗೋ ಫಸ್ಟ್ ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳಿಗೆ ಕೊಡಬೇಕಿದ್ದದ್ದೇ 6,521 ಕೋಟಿ ರೂಪಾಯಿ. ವಿಮಾನಗಳೋ ಬಾಡಿಗೆಯವು, ಮಾರಿ ದುಡ್ಡು ಮಾಡೋಣ ಎಂದರೆ ಅವು ಕಂಪನಿಯ ಸ್ವತ್ತಲ್ಲ. ಕೊನೆಯ ಮೆಟ್ಟಿಲಿಗೆ ಏನು ಇಳಿದು ಬಂದೀತು ಎಂದು ಊಹಿಸಲು ಲೆಕ್ಕಪರಿಶೋಧಕರೇ ಬೇಕಿಲ್ಲ.

ಇನ್ನೊಂದು ಗುಂಪಿಗೆ ಆದದ್ದೇನು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ವಿಮಾನ ಬಾಡಿಗೆಗೆ ಕೊಟ್ಟಿದ್ದ ವಿದೇಶಿ ಕಂಪನಿಗಳೂ ಅದೇ ತಡೆಯಡಿ ಸಿಕ್ಕಿಬಿದ್ದಿದ್ದವು. ಅವು ಕೋರ್ಟಿಗೆ ಹೋದವು. ಭಾರತಕ್ಕೆ ಇನ್ನು ವಿಮಾನ ಕೊಡುವುದು ಅಪಾಯ, ಬಾಡಿಗೆ ಏರಿಸಬೇಕಾದೀತು ಎಂಬ ಎಚ್ಚರಿಕೆ ಹೊರಟಿತು. 2023ರ ಅಕ್ಟೋಬರ್ 3ರಂದು, ಅಂದರೆ ಐದೇ ತಿಂಗಳಲ್ಲಿ, ವಿಮಾನ ಮತ್ತು ಇಂಜಿನ್‌ಗಳಿಗೆ ಈ ತಡೆ ಅನ್ವಯಿಸುವುದಿಲ್ಲ ಎಂದು ಕೇಂದ್ರ ಅಧಿಸೂಚನೆ ಹೊರಡಿಸಿತು. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ 54 ವಿಮಾನಗಳ ನೋಂದಣಿ ರದ್ದು ಮಾಡಿ ಮಾಲೀಕರಿಗೆ ದಾರಿ ಬಿಡುವಂತೆ ಡಿಜಿಸಿಎಗೆ ಹೇಳಿತು. ಮರುವರ್ಷ ಏಪ್ರಿಲ್‌ನಲ್ಲಿ ಸಂಸತ್ತು ಅವರ ಹಕ್ಕು ಕಾಯುವ ಪ್ರತ್ಯೇಕ ಕಾಯ್ದೆಯನ್ನೇ ಅಂಗೀಕರಿಸಿತು.

ಆ ಕಾಯ್ದೆ ತಪ್ಪು ಎನ್ನಲಾಗದು. ಬಾಡಿಗೆ ಅಗ್ಗವಾದರೆ ಟಿಕೆಟ್ ದರಕ್ಕೂ ಒಳ್ಳೆಯದು. ಆದರೆ ಅದೇ ಕುಸಿತದಲ್ಲಿ ಅದೇ ದಿನ ಹಣ ಕಳೆದುಕೊಂಡ ಪ್ರಯಾಣಿಕರಿಗಾಗಿ ಅಧಿಸೂಚನೆಯೂ ಬರಲಿಲ್ಲ, ಕಾಯ್ದೆಯೂ ಬರಲಿಲ್ಲ.

ಸೇವೆ ಕುಸಿಯುವುದು ಮೊದಲು, ಕಂಪನಿ ಆಮೇಲೆ

ದಿವಾಳಿ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಅದರ ಬಿಸಿ ಮೊದಲು ತಟ್ಟುವುದು ಪ್ರಯಾಣಿಕರಿಗೇ. 2023ರ ಜನವರಿಯಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೊರಟ ಗೋ ಫಸ್ಟ್ ವಿಮಾನವೊಂದು 55 ಪ್ರಯಾಣಿಕರನ್ನು ನಿಲ್ದಾಣದ ಬಸ್ಸಿನಲ್ಲೇ ಬಿಟ್ಟು ಹಾರಿಹೋಗಿತ್ತು. ಡಿಜಿಸಿಎ 10 ಲಕ್ಷ ರೂಪಾಯಿ ದಂಡ ಹಾಕಿತು. ಅಂದು ಅದು ನಗೆಪಾಟಲಿನ ಸುದ್ದಿಯಾಗಿ ಮುಗಿಯಿತು. ಆ ಒಂದು ಎಡವಟ್ಟಿಗೂ ಹಣದ ಮುಗ್ಗಟ್ಟಿಗೂ ನೇರ ನಂಟು ಕಟ್ಟಲು ಬಾರದು, ನಿಜ. ಆದರೆ ನಾಲ್ಕು ತಿಂಗಳೊಳಗೆ ಕಂಪನಿಯೇ ನಿಂತುಹೋಯಿತು.

ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಕತೆಯಲ್ಲಿ ನಂಟು ಸ್ಪಷ್ಟವಾಗಿತ್ತು. 2011ರ ನವೆಂಬರ್‌ನಲ್ಲಿ ವಿಮಾನಗಳು ಸಾಲುಸಾಲಾಗಿ ರದ್ದಾಗತೊಡಗಿದವು. ಮುಂದಿನ ವರ್ಷ ತಿಂಗಳುಗಟ್ಟಲೆ ಸಂಬಳ ಕಾಣದ ಇಂಜಿನಿಯರ್‌ಗಳು, ಪೈಲಟ್‌ಗಳು ಕೆಲಸ ನಿಲ್ಲಿಸಿದರು. 2012ರ ಅಕ್ಟೋಬರ್ 20ರಂದು ಪರವಾನಗಿ ಅಮಾನತಾಯಿತು. ಮೊದಲ ರದ್ದತಿಯಿಂದ ಕೊನೆಯ ಬೀಗದವರೆಗೆ ಸುಮಾರು ಹನ್ನೊಂದು ತಿಂಗಳು. 2019ರ ಏಪ್ರಿಲ್ 17ರಂದು ನಿಂತ ಜೆಟ್ ಏರ್‌ವೇಸ್‌ನಲ್ಲೂ ಹೀಗೇ. ಬಾಡಿಗೆ ಕಟ್ಟದೆ ಒಂದೊಂದೇ ವಿಮಾನ ನೆಲಕ್ಕಿಳಿದವು, ಪೈಲಟ್‌ಗಳ ಸಂಬಳ ನಿಂತಿತು. ಆಗಲೂ ಟಿಕೆಟ್ ಮಾರಾಟ ನಡೆದೇ ಇತ್ತು. ಬ್ಯಾಂಕ್ ಸಾಲ ಕೊಡದಿದ್ದಾಗ ಮುಂಗಡ ಟಿಕೆಟ್ ಹಣವೇ ಕಂಪನಿಯ ಉಸಿರು. ಅಗ್ಗದ ಆಫರ್ ಎಂದು ಜನ ಖುಷಿಯಿಂದ ಕೊಳ್ಳುವುದು ಎಷ್ಟೋ ಸಲ ಬಡ್ಡಿಯಿಲ್ಲದ, ಭದ್ರತೆಯಿಲ್ಲದ ಸಾಲ ಕೊಟ್ಟಂತೆ. ಗೋ ಫಸ್ಟ್ ವಿಷಯದಲ್ಲಿ ಡಿಜಿಸಿಎ ಟಿಕೆಟ್ ಮಾರಾಟ ನಿಲ್ಲಿಸಲು ಹೇಳಿದ್ದು ಮೇ 8ರಂದು, ವಿಮಾನಗಳು ನಿಂತು ಐದು ದಿನಗಳಾದ ಮೇಲೆ.

ಟಿಕೆಟ್ ಕಳೆದುಕೊಂಡವರಷ್ಟೇ ಅಲ್ಲ, ಆ ಕಂಪನಿಯಲ್ಲಿ ಎಂದೂ ಹಾರದವರೂ ಬೆಲೆ ತೆರುತ್ತಾರೆ. ಗೋ ಫಸ್ಟ್ ನಿಂತ ಕೂಡಲೇ ಅದು ಹೆಚ್ಚು ಹಾರುತ್ತಿದ್ದ ಶ್ರೀನಗರ, ಲೇಹ್ ಮಾರ್ಗಗಳಲ್ಲಿ ದರ ಏರಿತು. 2023ರ ಜೂನ್‌ನಲ್ಲಿ ಆಗಿನ ವಿಮಾನಯಾನ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಕಂಪನಿಗಳನ್ನು ಕರೆಸಿ, ಇಂಥ ಮಾರ್ಗಗಳಲ್ಲಿ ದರವನ್ನು ನೀವೇ ಹಿಡಿತದಲ್ಲಿಡಿ ಎಂದರು. ಕೊಡಗಿನವರೂ ಬಳಸುವ ಕಣ್ಣೂರು ನಿಲ್ದಾಣದಲ್ಲಿ ಗೋ ಫಸ್ಟ್ ಹೋದ ಮೇಲೆ ಉಳಿದದ್ದು ಎರಡೇ ಕಂಪನಿ.

ಮುಳುಗಿದ ಪ್ರತಿಯೊಂದು ಕಂಪನಿಯ ಜಾಗವನ್ನು ಉಳಿದವರು ಹಂಚಿಕೊಂಡರು. ಇಂದು ದೇಶದೊಳಗೆ ಹಾರುವವರಲ್ಲಿ ಶೇ.60ಕ್ಕೂ ಹೆಚ್ಚು ಮಂದಿ ಇಂಡಿಗೋ ಒಂದರಲ್ಲೇ ಹಾರುತ್ತಾರೆ. ಇದರ ಪರಿಣಾಮ ಕಂಡದ್ದು 2025ರ ಡಿಸೆಂಬರ್‌ನಲ್ಲಿ. ಪೈಲಟ್‌ಗಳ ವಿಶ್ರಾಂತಿ ಕುರಿತ ಹೊಸ ನಿಯಮಕ್ಕೆ ಇಂಡಿಗೋ ಸಿದ್ಧವಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಸಾವಿರಾರು ವಿಮಾನಗಳು ರದ್ದಾದವು, ಬೆಂಗಳೂರು ನಿಲ್ದಾಣದಲ್ಲಿ ಸೂಟ್‌ಕೇಸ್‌ಗಳ ರಾಶಿ ಬಿತ್ತು. ಬೇರೆ ಕಂಪನಿಗಳಲ್ಲಿ ಸೀಟಿಲ್ಲ, ಇದ್ದರೂ ಕೈಗೆಟುಕದ ದರ. ಕೊನೆಗೆ 500 ಕಿ.ಮೀ. ಒಳಗಿನ ಪ್ರಯಾಣಕ್ಕೆ 7,500 ರೂಪಾಯಿ ಮೀರಬಾರದು ಎಂಬಂತೆ ದೂರಕ್ಕೆ ತಕ್ಕ ಮಿತಿಯನ್ನು ಸರ್ಕಾರವೇ ಹೇರಬೇಕಾಯಿತು. ಅಲ್ಲಿ ಯಾರೂ ದಿವಾಳಿಯಾಗಿರಲಿಲ್ಲ. ಹಿಂದಿನ ದಿವಾಳಿಗಳು ಆಯ್ಕೆಯನ್ನು ಕಿತ್ತುಕೊಂಡಿದ್ದವು, ಅಷ್ಟೆ.

ಮನೆ ಕೊಂಡವರಿಗೆ ಸಿಕ್ಕಿದ್ದು ಇವರಿಗೇಕಿಲ್ಲ?

ಬ್ರಿಟನ್‌ನಲ್ಲಿ ಪ್ಯಾಕೇಜ್ ಪ್ರವಾಸ ಮಾರುವ ಕಂಪನಿಗಳು ಪ್ರತಿ ಪ್ರಯಾಣಿಕರ ಲೆಕ್ಕದಲ್ಲಿ 2.50 ಪೌಂಡ್ ಅನ್ನು ಅಟಾಲ್ ಎಂಬ ರಕ್ಷಣಾ ನಿಧಿಗೆ ಕಟ್ಟುತ್ತವೆ. 2019ರಲ್ಲಿ ಥಾಮಸ್ ಕುಕ್ ಮುಳುಗಿದಾಗ ವಿದೇಶದಲ್ಲಿ ಸಿಕ್ಕಿಬಿದ್ದ ಲಕ್ಷಕ್ಕೂ ಹೆಚ್ಚು ಜನರನ್ನು ಅಲ್ಲಿನ ಆಡಳಿತವೇ ಮರಳಿ ಕರೆತಂದಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಫ್ಲ್ಯಾಟ್‌ಗೆ ಮುಂಗಡ ಕೊಟ್ಟು ಮೋಸಹೋದವರ ಕೂಗಿಗೆ ಭಾರತವೇ ಓಗೊಟ್ಟಿದೆ. ರೇರಾ ಕಾಯ್ದೆಯಡಿ ಖರೀದಿದಾರರ ಹಣದ ಶೇ.70ರಷ್ಟನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಡಬೇಕು. 2018ರ ತಿದ್ದುಪಡಿ ಮನೆ ಕೊಂಡವರನ್ನು ದಿವಾಳಿ ಸಂಹಿತೆಯಲ್ಲಿ ಬ್ಯಾಂಕುಗಳಂತೆ ಹಣಕಾಸು ಸಾಲದಾತರ ಸಾಲಿಗೆ ತಂದಿತು. ಟಿಕೆಟ್ ಕೂಡ ಇನ್ನೂ ಸಿಗದ ಸೇವೆಗೆ ಕೊಟ್ಟ ಮುಂಗಡವೇ. ಹಾರಾಟ ಮುಗಿಯುವವರೆಗೆ ಅದರ ಒಂದು ಪಾಲನ್ನಾದರೂ ಪ್ರತ್ಯೇಕವಾಗಿಟ್ಟರೆ ಕಂಪನಿಗಳ ಕೈ ಬಿಗಿಯಾಗುತ್ತದೆ, ದರ ತುಸು ಏರಬಹುದು. ಆದರೆ ಆಫರ್ ಮಾರಿ ದಿನ ದೂಡುವ ದಾರಿಯೂ ಮುಚ್ಚುತ್ತದೆ.

ಅಲ್ಲಿಯವರೆಗೆ ಪ್ರಯಾಣಿಕರ ಕೈಯಲ್ಲಿರುವ ಉಪಾಯಗಳು ಕಡಿಮೆ. ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದರೆ, ಸೇವೆ ಸಿಕ್ಕಿಲ್ಲವೆಂದು ಬ್ಯಾಂಕಿಗೆ ದೂರು ಕೊಟ್ಟು ಚಾರ್ಜ್‌ಬ್ಯಾಕ್ ಕೇಳಬಹುದು. ಅದಕ್ಕೆ ಗಡುವಿರುವುದರಿಂದ ಕಂಪನಿ ಮತ್ತೆ ಹಾರುತ್ತದೆಂದು ಕಾಯುತ್ತ ಕೂರಬಾರದು. ಪ್ರವಾಸ ವಿಮೆ ಕೊಳ್ಳುವವರು ವಿಮಾನ ಕಂಪನಿಯ ದಿವಾಳಿಗೆ ಪರಿಹಾರ ಇದೆಯೇ ಎಂದು ಪಾಲಿಸಿಯಲ್ಲಿ ನೋಡಿಕೊಳ್ಳಬೇಕು. ದಿವಾಳಿ ಪ್ರಕ್ರಿಯೆ ಶುರುವಾದರೆ ಟಿಕೆಟ್, ಪಾವತಿಯ ದಾಖಲೆ ಲಗತ್ತಿಸಿ ಗಡುವಿನೊಳಗೆ ಕ್ಲೇಮ್ ಹಾಕಬೇಕು. ಕೊನೆಯ ಮೆಟ್ಟಿಲಲ್ಲಿ ನಿಲ್ಲಬೇಕೆಂದರೂ ಹೆಸರು ಆ ಪಟ್ಟಿಯಲ್ಲಿರಬೇಕು.